ಚಿಂದಿಗೂ ಒಬ್ಬರು ಇರ್ತಾರೆ

ಬಹಳ ದಿನ ಆಯ್ತು ಈ ಕಡೆ ತಲೆ ಹಾಕದೆ. ಬರೀಬೇಕು ಅಂದುಕೊಳ್ಳೋದು, ಒಂದು ಪ್ಯಾರಾ ಕುಟ್ಟಿ ಹಾಗೇ ಬಿಟ್ಟುಬಿಡೋದು, ಇದೇ ಆಗಿತ್ತು. ಇವತ್ತು ಅಟ್ಟದ ಮೇಲಿನ ಡಬ್ಬಿ ಕೆಳಗಿಳಿಸಿದಾಗ ಒಳಗಿನ ಆರು ಬಟ್ಟೆಯ ಪಟಾಕಿ ಕಣ್ಣಿಗೆ ಬಿದ್ದವು. ಇದನ್ನಾದರೂ ಬರೆದು ಮುಗಿಸೋಣ ಅಂತ ಕೂತಿದ್ದೇನೆ.

ಪಟಾಕಿ ಅಂದ ಕೂಡಲೇ ನಿಮಗೆ ದೀಪಾವಳಿ ನೆನಪಾಗಿರುತ್ತೆ. ನನಗೂ ಹಾಗೇ ಆಗಿತ್ತು. ಎರಡು ವರ್ಷದ ಹಿಂದೆ ಡಿಸೆಂಬರ್ ಮೊದಲ ವಾರದಲ್ಲಿ ಮಗಳು ಬಂದು "ನನಗೆ ಕ್ರಿಸ್‌ಮಸ್ ಕ್ರ್ಯಾಕರ್ ಬೇಕು" ಅಂದಳು. "ದೀಪಾವಳಿಯಲ್ಲಿ ಉಳಿದ ಸುರಸುರಬತ್ತಿ ಅದಾವ, ಹಚ್ಚು ಹೋಗು" ಅಂದೆ. ಅವಳು ಹಣೆ ಹಣೆ ಚಚ್ಚಿಕೊಂಡು ಟೀವಿ ಕಾರ್ಟೂನಿನಲ್ಲಿ ನೋಡಿದ್ದನ್ನು ವಿವರಿಸಿದಳು. ದೊಡ್ಡ ಚಾಕಲೇಟಿನ ಹಾಗೆ ಎರಡೂ ತುದಿ ತಿರುಚಿದ ಕೊಳವೆ. ಇಬ್ಬರು ಎರಡು ಕಡೆಯಿಂದ ಎಳೀಬೇಕು. ಟಪ್ ಅಂತ ಹರಿಯುತ್ತೆ. ಒಳಗಿಂದ ಕಾಗದದ ಕಿರೀಟ, ಸಣ್ಣ ಆಟಿಗೆ, ಒಂದು ಜೋಕಿನ ಚೀಟಿ ಬೀಳುತ್ತೆ. ದೊಡ್ಡ ತುಂಡು ಯಾರ ಕೈಲಿ ಉಳಿಯುತ್ತೋ ಒಳಗಿನ ಮಾಲು ಅವರದು.

ಯಾಕೆ ಬೇಕಾಗಿತ್ತು ಅಂದರೆ, ನಮ್ಮ ಪಕ್ಕದ ಮನೆಯವರು ಕ್ರಿಶ್ಚಿಯನ್ನರು. ಪ್ರತಿ ವರ್ಷ ಡಿಸೆಂಬರ್ 25ಕ್ಕೆ ಅವರ ಮನೆಯಿಂದ ಕೇಕು, ಕಲ್ಕಲ್ಸು ತುಂಬಿದ ತಾಟು ನಮ್ಮ ಮನೆಗೆ ಬರುತ್ತೆ. ಸಂಕ್ರಾಂತಿಗೆ ನಮ್ಮ ಕುಸುರೆಳ್ಳು ಅದೇ ತಾಟಿನಲ್ಲಿ ವಾಪಸ್ ಹೋಗುತ್ತೆ. ಖಾಲಿ ತಾಟು ಕೊಡಬಾರದು ಅನ್ನೋದು ಎರಡೂ ಮನೆಯ ರೂಢಿ. ಈ ಸಲ ಕ್ರಿಸ್‌ಮಸ್ ದಿನವೇ ಏನಾದರೂ ಕೊಡೋಣ ಅಂತ ಮಗಳ ಆಸೆ.

ಆ ವರ್ಷ ನಾನು ಮಾಡಿದ ಕೆಲಸ ಅಂದರೆ ಮೊಬೈಲಿನಲ್ಲಿ ಒಂದು ಬಾಕ್ಸು ಆರ್ಡರ್ ಮಾಡಿದ್ದು. ಆರು ಕ್ರ್ಯಾಕರಿಗೆ 750 ರೂಪಾಯಿ. ಮೇಲೆ ಮಿರಿಮಿರಿ ಪ್ಲಾಸ್ಟಿಕ್ಕು, ಒಳಗೆ ಒಂದು ಗೊಂಬೆ ಬಾಚಣಿಗೆ, ಒಂದು ಊದಿದರೂ ಸದ್ದು ಬಾರದ ಪೀಪಿ, ಇಂಗ್ಲಿಷಿನಲ್ಲಿ ಯಾರಿಗೂ ನಗು ತರಿಸದ ಒಂದು ಜೋಕು. ಎಳೆದರೆ ಟಪ್ ಅನ್ನಲೂ ಇಲ್ಲ. ಮಕ್ಕಳು ಬಾಯಲ್ಲೇ "ಢಂ" ಅಂದು ಮುಗಿಸಿದರು. ಮರುದಿನ ಬೆಳಿಗ್ಗೆ ಕಸದ ಗಾಡಿ ಬಂದಾಗ 750 ರೂಪಾಯಿಯನ್ನು ನಾನೇ ನನ್ನ ಕೈಯಾರೆ ಬುಟ್ಟಿಯಲ್ಲಿ ಹಾಕಿಕೊಟ್ಟೆ. ಒಣ ಕಸವೋ ಹಸಿ ಕಸವೋ ಅಂತ ಗಾಡಿಯವ ಕೇಳಿದ. ಏನು ಹೇಳಲಿ?

ಅಂದ ಹಾಗೆ ಈ ಕ್ರ್ಯಾಕರಿನ ಕಥೆ ಸ್ವಾರಸ್ಯದ್ದು. 1840ರ ದಶಕದಲ್ಲಿ ಲಂಡನ್ನಿನ ಮಿಠಾಯಿ ವ್ಯಾಪಾರಿ ಟಾಮ್ ಸ್ಮಿತ್ ಎಂಬಾತ ಶುರು ಮಾಡಿದ್ದು. ಪ್ಯಾರಿಸ್ಸಿನಲ್ಲಿ ಬಾದಾಮಿ ಮಿಠಾಯಿಯನ್ನು ಕಾಗದದಲ್ಲಿ ಸುತ್ತಿ ಎರಡೂ ತುದಿ ತಿರುಚಿ ಮಾರುವುದನ್ನು ಕಂಡು, ಲಂಡನ್ನಿನಲ್ಲೂ ಹಾಗೆ ಮಾರತೊಡಗಿದ. ಆಮೇಲೆ ಪ್ರೇಮದ ಸಾಲು ಬರೆದ ಚೀಟಿ ಸೇರಿಸಿದ. ಆಮೇಲೆ ಸದ್ದು. ಎರಡು ಕಾಗದದ ಪಟ್ಟಿಯ ಮೇಲೆ ಒಂದಿಷ್ಟೇ ಇಷ್ಟು ಸಿಲ್ವರ್ ಫಲ್ಮಿನೇಟ್ ಅನ್ನೋ ಸಿಡಿಮದ್ದು ಹಚ್ಚಿರುತ್ತಾರೆ, ಎಳೆದಾಗ ತಿಕ್ಕಾಟಕ್ಕೆ ಅದು ಸಿಡಿಯುತ್ತೆ. ಕಾಗದದ ಕಿರೀಟ ಬಂದದ್ದು ಅವನ ಮಗ ವಾಲ್ಟರನ ಕಾಲದಲ್ಲಿ. ಅಂದರೆ ಇದು ಚರ್ಚಿನ ಆಚರಣೆ ಅಲ್ಲ, ಒಬ್ಬ ಮಿಠಾಯಿ ಅಂಗಡಿಯವನ ವ್ಯಾಪಾರದ ಜಾಣತನ.

ನಮ್ಮ ಕಡೆಯ ಹಳೆಯ ಕ್ರಿಶ್ಚಿಯನ್ ಮನೆಗಳಲ್ಲಿ ಇದು ಕಾಣದ್ದಕ್ಕೂ ಕಾರಣ ಇರಬಹುದು. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದದ್ದು ಬಾಸೆಲ್ ಮಿಷನ್ನಿನವರು. ಅವರಲ್ಲಿ ಬಹಳ ಮಂದಿ ಜರ್ಮನ್ನರು, ಸ್ವಿಸ್ಸರು. ನಿಘಂಟಿನ ಕಿಟೆಲ್ಲರೂ ಜರ್ಮನ್ನರೇ ಅಲ್ಲವೆ? ಕ್ರಿಸ್‌ಮಸ್ ಗಿಡ ಅವರ ನಾಡಿನದು. ಕ್ರ್ಯಾಕರ್ ಇಂಗ್ಲಿಷರ ಊಟದ ಮೇಜಿನದು. ಪಕ್ಕದ ಮನೆಯ ಅಜ್ಜಿಗೂ ಆ ಬಾಕ್ಸು ಹೊಸದೇ. "ಇದೇನವಾ, ಇದರಾಗ ಕೇಕ್ ಐತೇನು?" ಅಂತ ಕೇಳಿದರು.

ಸರಿ, ಹೋದ ವರ್ಷ ಈ ತಪ್ಪು ಬೇಡ, ಮನೆಯಲ್ಲೇ ಬಟ್ಟೆಯಲ್ಲಿ ಮಾಡೋಣ, ಪ್ರತಿ ವರ್ಷ ತೆಗೆದು ತುಂಬಿ ಮತ್ತೆ ಬಳಸೋಣ ಅಂದುಕೊಂಡೆ. ನೆಟ್ಟಿನಲ್ಲಿ ಹುಡುಕಿದರೆ ಬೇಕಾದಷ್ಟು ವಿಡಿಯೋ. ಎಲ್ಲದರಲ್ಲೂ ಮೊದಲ ವಾಕ್ಯ ಒಂದೇ: "ನಿಮ್ಮ ಹತ್ತಿರ ಬಿದ್ದಿರುವ ಬೇಡವಾದ ಬಟ್ಟೆ ಚೂರು ತೆಗೆದುಕೊಳ್ಳಿ." ನನ್ನ ಹತ್ತಿರ ಎಲ್ಲಿ ಬಿದ್ದಿದ್ದವು? ರೆಡಿಮೇಡ್ ತೊಡುವ ಮನೆಯಲ್ಲಿ ಚೂರು ಎಲ್ಲಿಂದ ಬರಬೇಕು? ಓಣಿಯ ತುದಿಯಲ್ಲಿ ಒಬ್ಬ ಟೇಲರಮ್ಮ ಇದ್ದಾರೆ. ಅವರ ಮಷೀನಿನ ಕೆಳಗೆ ಒಂದು ಗೋಣಿಚೀಲದ ತುಂಬ ಬ್ಲೌಸಿನ ಚೂರು ಇರೋದನ್ನು ಎಷ್ಟೋ ಸಲ ನೋಡಿದ್ದೆ. ಸೀದಾ ಹೋಗಿ "ಅಕ್ಕಾರ, ಆ ಚಿಂದಿ ಒಂದಿಷ್ಟು ಕೊಡ್ರಿ, ಹೆಂಗೂ ಒಗೀತೀರಲ್ಲ" ಅಂದೆ.

ಅವರು ಮಷೀನು ನಿಲ್ಲಿಸಿದರು.

"ಒಗೀತೀನಿ ಅಂತ ಯಾರ್ ಹೇಳಿದ್ರಿ ನಿಮಗ? ಇದಕ್ಕ ಮಂದಿ ಅದಾರ್ರಿ. ಕೌದಿ ಹೊಲಿಯಾಕಿ ತಿಂಗಳಿಗೊಮ್ಮೆ ಬರ್ತಾಳ. ಅಕಿ ಸಲುವಾಗಿ ಇಟ್ಟೀನಿ. ನೀವು ಒಯ್ದ್ರ ಅಕಿ ಏನ್ ಹೊಲೀಬೇಕು? ನಿಮ್ಮನ್ಯಾಗಿಂದು ತರ್ರಿ, ನಾನ ಕತ್ತರಿಸಿ ಕೊಡ್ತೀನಿ."

ಸಿಟ್ಟಿನಿಂದ ಹೇಳಲಿಲ್ಲ. ಹಾಲಿನ ಲೆಕ್ಕ ಹೇಳುವ ಹಾಗೆ ಹೇಳಿದರು. ಆದರೆ ನನಗೆ ಮುಖ ಸಣ್ಣದಾಯಿತು. ಅಲ್ಲಿಂದ ಮನೆಗೆ ಬರುವ ಇನ್ನೂರು ಹೆಜ್ಜೆಯಲ್ಲಿ ಯೋಚಿಸಿದ್ದೇ ಈ ಬರಹದ ತಿರುಳು.

ಕೌದಿ ಗೊತ್ತಿಲ್ಲದವರು ಈ ಕಡೆ ಯಾರೂ ಇಲ್ಲ. ಹಳೆಯ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ಚೂರು ಜೋಡಿಸಿ, ಒಂದೇ ಸಮ ಓಡುಹೊಲಿಗೆ ಹಾಕುತ್ತ ಹೋಗುವುದು. ಚಳಿಗಾಲದಲ್ಲಿ ಹೊದಿಯಲು, ಬೇಸಿಗೆಯಲ್ಲಿ ಹಾಸಲು, ಬಾಣಂತಿಗೆ, ಕೂಸಿಗೆ. ಮನೆಯ ಹೆಂಗಸರೇ ಹೊಲಿಯುತ್ತಿದ್ದರು. ಊರೂರು ತಿರುಗಿ ಮನೆಯ ಕಟ್ಟೆಯ ಮೇಲೇ ಕೂತು ಹೊಲಿದುಕೊಡುವ ಹೆಂಗಸರೂ ಇದ್ದರು, ಈಗಲೂ ಇದ್ದಾರೆ. ನಮ್ಮಿಂದ ದೂರವೇನಲ್ಲದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರ ಕೌದಿಯಂತೂ ಈಗ ದೇಶ ದಾಟಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಅನ್ನೋ ವಿದ್ವಾಂಸರು ಅವುಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಸಿದ್ದಿಯರು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಚಿದ ಚೂರುಗಳನ್ನು ಹಚ್ಚುತ್ತಾರೆ. ಅದಕ್ಕೆ 'ಫೂಲ' ಅಂದರೆ ಹೂವು ಅನ್ನುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಅಂತ ಅವರ ಲೆಕ್ಕ. ಸಿದ್ದಿಯರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರಿಶ್ಚಿಯನ್ನರು ಮೂವರೂ ಇದ್ದಾರೆ. ಮುಸ್ಲಿಂ ಮನೆಯ ಕೌದಿಯಲ್ಲಿ ಅರ್ಧಚಂದ್ರ, ಕ್ರಿಶ್ಚಿಯನ್ ಮನೆಯ ಕೌದಿಯಲ್ಲಿ ಶಿಲುಬೆ ಕಾಣುವುದುಂಟು. ಹೊಲಿಗೆ ಮಾತ್ರ ಮೂವರದೂ ಒಂದೇ.

ಈಗ ಹೇಳಿ, ಇಂಥ ನೆಲದಲ್ಲಿ ನಿಂತು ನಾನು "ಬೇಡವಾದ ಚೂರು" ಅಂತ ಕೇಳಲು ಹೋಗಿದ್ದೆ!

ನನ್ನ ಅನಿಸಿಕೆ ಇಷ್ಟು. ಕಸದಿಂದ ರಸ, ಮರುಬಳಕೆ, ಪರಿಸರಸ್ನೇಹಿ ಅಂತೆಲ್ಲ ನಾವು ಈಗ ಉತ್ಸಾಹದಿಂದ ಮಾತಾಡುತ್ತೇವೆ. ಒಳ್ಳೆಯದೇ. ಆದರೆ ಆ ಮಾತಿನ ಹಿಂದೆ ಒಂದು ಊಹೆ ಅಡಗಿದೆ. ಚೂರು ಬಟ್ಟೆ ಯಾರಿಗೂ ಬೇಡದ ವಸ್ತು, ನಾವು ಬಂದು ಉದ್ಧಾರ ಮಾಡುವ ತನಕ ಅದು ಕಸ ಅನ್ನೋ ಊಹೆ. ನಮ್ಮೂರಿನಲ್ಲಿ ಅದು ಸುಳ್ಳು. ಇಲ್ಲಿ ಚೂರು ಬಟ್ಟೆಗೆ ಆಗಲೇ ಒಂದು ದಾರಿ ಇದೆ, ಆ ದಾರಿಯ ಕೊನೆಯಲ್ಲಿ ಒಬ್ಬಳ ಕೂಲಿ ಇದೆ. ನಾವು ಹವ್ಯಾಸಕ್ಕೆ ಅಂತ ನಡುವೆ ಕೈ ಹಾಕಿ ಎತ್ತಿಕೊಂಡರೆ ಕಸ ಉಳಿಸಿದ ಹಾಗಾಗುವುದಿಲ್ಲ, ಕಚ್ಚಾಮಾಲು ಕಸಿದುಕೊಂಡ ಹಾಗಾಗುತ್ತೆ. ಇದು ದೊಡ್ಡ ಅಪರಾಧ ಅಂತ ನಾನು ಹೇಳುತ್ತಿಲ್ಲ. ಆರು ಕ್ರ್ಯಾಕರಿಗೆ ಬೇಕಾಗೋದು ಒಂದು ಹಿಡಿ ಬಟ್ಟೆ. ಆದರೆ ಕೇಳುವಾಗ "ಹೆಂಗೂ ಒಗೀತೀರಲ್ಲ" ಅಂದೆನಲ್ಲ, ಆ ಮಾತು ತಪ್ಪು.

ಇನ್ನೊಂದು ತಮಾಷೆ. ಈಗ ಪೇಟೆಯಲ್ಲಿ ಹೊಸ ಬಟ್ಟೆಯನ್ನೇ ಚೌಕಚೌಕ ಕತ್ತರಿಸಿ, ಬಣ್ಣ ಹೊಂದಿಸಿ, ಕಟ್ಟು ಕಟ್ಟಿ 'ಚೂರು' ಅಂತ ಮಾರುತ್ತಾರೆ. ಕರಕುಶಲ ಮಾಡುವವರು ಕೊಳ್ಳುತ್ತಾರೆ. ಇದನ್ನು ಮರುಬಳಕೆ ಅನ್ನಬೇಕಾದರೆ ಹೋಟೆಲಿನಲ್ಲಿ ಬಿಸಿ ಅನ್ನ ತರಿಸಿ ಚಿತ್ರಾನ್ನ ಮಾಡಿ "ರಾತ್ರಿ ಉಳಿದ ಅನ್ನ" ಅಂದ ಹಾಗೆ :)

ಟೇಲರಮ್ಮ ಹೇಳಿದ್ದು "ನಿಮ್ಮನ್ಯಾಗಿಂದು ತರ್ರಿ" ಅಂತ. ಅದೇ ಕಷ್ಟದ ಮಾತು. ನಮ್ಮನೆಯಲ್ಲಿ ಇದ್ದದ್ದು ಅವ್ವನ ಟ್ರಂಕು.

ಅವ್ವ ತೀರಿಕೊಂಡು ಮೂರು ವರ್ಷ ಆಗಿತ್ತು. ಟ್ರಂಕು ತೆಗೆದಿರಲಿಲ್ಲ. ತೆಗೆದರೆ ಏನು ಮಾಡೋದು ಅಂತ ಗೊತ್ತಿರಲಿಲ್ಲ. ಇಳಕಲ್ ಸೀರೆಗಳು, ಕೆಂಪು ರೇಷ್ಮೆಯ ತೋಪು ತೆನೆಯ ಸೆರಗು, ಗುಳೇದಗುಡ್ಡದ ಖಣದ ಕುಪ್ಪಸಗಳು. ಒಳ್ಳೆಯವನ್ನು ಅಕ್ಕ, ಚಿಕ್ಕಮ್ಮ ಒಂದೊಂದು ಒಯ್ದಿದ್ದರು. ಉಳಿದವು ಉಟ್ಟೂ ಉಟ್ಟೂ ನಿರಿಗೆಯ ಮಡಿಕೆಯಲ್ಲಿ ಜಾಳಾದವು. ಉಡಲು ಬರೋದಿಲ್ಲ, ಕೊಡಲು ಬರೋದಿಲ್ಲ, ಒಗೆಯಲು ಕೈ ಏಳೋದಿಲ್ಲ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇಂಥ ಒಂದು ಟ್ರಂಕು ಇದ್ದೀತು.

ಹೊತ್ತುಕೊಂಡು ಟೇಲರಮ್ಮನ ಹತ್ತಿರ ಹೋದೆ. ಅವರು ಒಂದೊಂದೇ ಬೆಳಕಿಗೆ ಹಿಡಿದು ನೋಡಿ, ಎರಡು ಗುಂಪು ಮಾಡಿದರು. "ಇವು ಕೌದಿಗೆ ಬರ್ತಾವ. ಇವು ನಿಮ್ಮ ಪಟಾಕಿಗೆ." ಕತ್ತರಿ ಹಾಕುವಾಗ ನಾನು ರಸ್ತೆ ಕಡೆ ನೋಡುತ್ತ ನಿಂತಿದ್ದೆ. ಪಿ.ಬಿ. ರಸ್ತೆಯಲ್ಲಿ ಚಿಗರಿ ಬಸ್ಸು ಒಂದರ ಹಿಂದೊಂದು ಹೋದವು.

ಇನ್ನು ಮಾಡುವ ವಿಧಾನ. ಮೊದಲು ಕೆಟ್ಟದ್ದನ್ನು ಹೇಳಿಬಿಡುತ್ತೇನೆ. ನಡುವೆ ಬಿಚ್ಚಿಕೊಳ್ಳಬೇಕು, ಸದ್ದೂ ಬರಬೇಕು ಅಂತ ಬಲು ಜಾಣತನದಿಂದ ಟಿಚ್ ಗುಂಡಿ ಹಚ್ಚಿದೆ. ಎಳೆದರೆ ಟಿಚ್ ಅನ್ನುತ್ತೆ ಅಂತ ಲೆಕ್ಕ. ಮಗಳು ಒಂದು ಕಡೆ, ನಾನು ಒಂದು ಕಡೆ ಎಳೆದೆವು. ಗುಂಡಿ ಬಿಚ್ಚಲಿಲ್ಲ, ಅದರ ಸುತ್ತಲಿನ ಬಟ್ಟೆ ಹರಿಯಿತು! ಆಮೇಲೆ ಹೊಳೆಯಿತು, ಟಿಚ್ ಗುಂಡಿ ಮೇಲಕ್ಕೆ ಎತ್ತಿದರೆ ಬಿಚ್ಚುತ್ತೆ, ಅಡ್ಡಕ್ಕೆ ಎಳೆದರೆ ಗಟ್ಟಿಯಾಗಿ ಹಿಡಿಯುತ್ತೆ. ಅದು ಇರುವುದೇ ಹಾಗೆ ಹಿಡಿಯಲಿಕ್ಕೆ. ವೆಲ್ಕ್ರೋ ಪಟ್ಟಿಯದೂ ಇದೇ ಹಣೆಬರಹ. ಸಿಡಿಯುವ ಪಟ್ಟಿಯ ಆಸೆ ಬಿಟ್ಟೇಬಿಡಿ. ಅದು ಎಷ್ಟೇ ಸಣ್ಣದಾದರೂ ಮದ್ದು, ಬ್ರಿಟನ್ನಿನಲ್ಲೇ ಹನ್ನೆರಡು ವರ್ಷದೊಳಗಿನವರಿಗೆ ಕ್ರ್ಯಾಕರ್ ಮಾರುವ ಹಾಗಿಲ್ಲ. ಒಮ್ಮೆ ಸಿಡಿದರೆ ಮತ್ತೆ ಹೊಸದು ಬೇಕು. ಅಲ್ಲಿಗೆ ಮರುಬಳಕೆ ಅನ್ನೋದು ಬರೀ ಹೆಸರಿಗೆ.

ಕೊನೆಗೆ ನಿಂತದ್ದು ಹೀಗೆ. ಪರದೆ ಬಟ್ಟೆ ಮಾರುವ ಅಂಗಡಿಯಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆ ಇರುತ್ತಲ್ಲ, ಜವಳಿ ಸಾಲಿನಿಂದ ಅಂಥದೊಂದು ತಂದೆ. ನಾಲ್ಕು ಸೆಂಟಿಮೀಟರ್ ದಪ್ಪದ್ದು. ಅದನ್ನು ಏಳೇಳು ಸೆಂ.ಮೀ. ತುಂಡು ಮಾಡಿದೆ. ಒಂದು ಮೀಟರಿನ ಕೊಳವೆಗೆ ಹನ್ನೆರಡು ತುಂಡು ಬಂದು ಇನ್ನೂ ಉಳಿಯಿತು. ಎರಡು ತುಂಡಿಗೆ ಒಂದು ಕ್ರ್ಯಾಕರ್. ಪ್ರತಿ ತುಂಡಿಗೆ 15 ಸೆಂ.ಮೀ. ಅಗಲ, 18 ಸೆಂ.ಮೀ. ಉದ್ದದ ಬಟ್ಟೆ. ಉದ್ದಕ್ಕೆ ಹೊಲಿದು ಚೀಲದ ತೋಳಿನ ಹಾಗೆ ಮಾಡಿ ಕೊಳವೆಯ ಮೇಲೆ ಏರಿಸಬೇಕು. ಬಾಯಿಯ ಕಡೆ ಒಂದು ಸೆಂ.ಮೀ. ಒಳಕ್ಕೆ ಮಡಚಿ ಮೈದಾ ಅಂಟು ಹಚ್ಚಬೇಕು. ಮೈದಾ ಯಾಕೆ ಅಂದರೆ ಕೊಳೆಯಾದಾಗ ನೀರು ಸವರಿದರೆ ಬಿಟ್ಟುಕೊಳ್ಳುತ್ತೆ, ಬಟ್ಟೆ ಒಗೆದು ಮತ್ತೆ ಏರಿಸಬಹುದು. ಇನ್ನೊಂದು ತುದಿಯಲ್ಲಿ ಉಳಿದ ಹತ್ತು ಸೆಂ.ಮೀ. ಬಟ್ಟೆಯನ್ನು ಲಾಡಿಯಿಂದ ಕಟ್ಟಿ ಜಾಲರಿಯ ಹಾಗೆ ಬಿಡಬೇಕು. ಅಂಚು ಹೊಲಿಯದೆ ಬಿಟ್ಟರೆ ಇಳಕಲ್ ಸೀರೆ ಎರಡೇ ದಿನಕ್ಕೆ ದಾರ ದಾರವಾಗುತ್ತೆ, ನೆನಪಿರಲಿ.

ಇನ್ನು ಎರಡು ತುಂಡನ್ನು ಕೂಡಿಸುವ ಗುಟ್ಟು: ಹಳೆಯ ಲಗ್ನಪತ್ರಿಕೆ. ಎಂಟು ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ಸುರುಳಿ ಸುತ್ತಿ ಒಂದು ಕೊಳವೆಯೊಳಗೆ ಅರ್ಧ, ಇನ್ನೊಂದರೊಳಗೆ ಅರ್ಧ ತೂರಿಸಬೇಕು. ಅಂಟಿಸಬಾರದು. ದಪ್ಪ ರಟ್ಟು ತಾನೇ ಬಿಚ್ಚಿಕೊಳ್ಳಲು ನೋಡುತ್ತೆ, ಆ ಒತ್ತಡಕ್ಕೆ ಎರಡೂ ತುಂಡು ಹಿಡಿದು ನಿಲ್ಲುತ್ತವೆ. ಉಡುಗೊರೆ ಆ ಸುರುಳಿಯೊಳಗೆ. ಎಳೆದಾಗ ಸುರುಳಿ ಯಾವ ಕಡೆ ಉಳಿಯುತ್ತೋ ಅವರು ಗೆದ್ದರು. ಯಾವ ಕಡೆ ಉಳಿಯುತ್ತೆ ಅಂತ ಮಾಡಿದ ನನಗೂ ಗೊತ್ತಿರೋದಿಲ್ಲ. ಟಾಮ್ ಸ್ಮಿತ್ತನ ಆಟದ ಮಜಾ ಸದ್ದಿಗಿಂತ ಇದರಲ್ಲೇ ಹೆಚ್ಚಿದೆ ಅಂತ ನನಗನಿಸುತ್ತೆ. ಸದ್ದಿಗೆ ಓಣಿಯ ಹುಡುಗರ ಬಾಯಿ ಸಾಕು.

ಒಳಗೆ ಏನು ಹಾಕೋದು? ಕಾಗದದ ಕಿರೀಟದ ಬದಲು ಸೀರೆಯ ಅಂಚು. ಅಂಚಿನ ಪಟ್ಟಿಗೆ ಎರಡೂ ತುದಿಗೆ ಲಾಡಿ ಹಚ್ಚಿದರೆ ಅಜ್ಜಿಯ ತಲೆಗೂ ಮೊಮ್ಮಗನ ತಲೆಗೂ ಆಗುತ್ತೆ. ಎರಡು ಕಡಲೆ ಚಿಕ್ಕಿ. ಇಂಗ್ಲಿಷ್ ಜೋಕಿನ ಬದಲು ಒಗಟು. ಒಗಟು ಕಟ್ಟಲು ಮನೆಯವರೆಲ್ಲ ಕೂತೆವು. ಅರ್ಧ ಗಂಟೆಗೆ ಆರು ಆದವು. ಅದರಲ್ಲಿ ಮಗಳದೇ ಚೆನ್ನಾಗಿತ್ತು: "ಮೈ ತುಂಬ ಹೊಲಿಗೆ, ಗಾಯ ಒಂದೂ ಇಲ್ಲ." ಉತ್ತರ ನಿಮಗೇ ಬಿಟ್ಟದ್ದು.

"ಇಂಗ್ಲಿಷರ ಮೇಜಿನ ಆಟ ಬೈರಿದೇವರಕೊಪ್ಪದ ಓಣಿಯಲ್ಲಿ ಯಾಕೆ ಬೇಕಿತ್ತು?" ಅಂತ ನನ್ನ ಗೆಳೆಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ: ಆಟ ಯಾರದಾದರೂ ಇರಲಿ, ಅದು ಮನೆಯಲ್ಲಿ ಉಳಿಯುತ್ತದೋ ಇಲ್ಲವೋ ನೋಡಿ. ನಾವು ಕ್ರಿಸ್‌ಮಸ್ ಮುಗಿದ ಮೇಲೆ ಆರೂ ಖೋಲುಗಳನ್ನು ವಾಪಸ್ ಕೇಳಿ ಪಡೆದೆವು. ಕೊಟ್ಟದ್ದನ್ನು ವಾಪಸ್ ಕೇಳೋದು ಹ್ಯಾಗೆ ಅಂತ ಸಂಕೋಚ ಇತ್ತು, ಆದರೆ ತಾಟು ವಾಪಸ್ ಬರೋದಿಲ್ಲವೆ? ಹಾಗೇ. ಜನವರಿಯಲ್ಲಿ ಅವನ್ನೇ ಕುಸುರೆಳ್ಳು ತುಂಬಿ ಕೊಟ್ಟೆವು. ಮಾರ್ಚಿನಲ್ಲಿ ಮಗಳ ಹುಟ್ಟುಹಬ್ಬ ಆಯಿತು. ವರ್ಷಕ್ಕೆ ಒಂದು ದಿನ ಹೊರಗೆ ಬಂದು 364 ದಿನ ಅಟ್ಟದ ಮೇಲೆ ಕೂರುವ ವಸ್ತುವನ್ನು ಮರುಬಳಕೆಯದು ಅನ್ನಲು ನನಗೆ ಮನಸ್ಸಿಲ್ಲ. ಹಬ್ಬದಿಂದ ಹಬ್ಬಕ್ಕೆ, ಮನೆಯಿಂದ ಮನೆಗೆ ಓಡಾಡಿದರೆ ಮಾತ್ರ ಅದಕ್ಕೆ ಆ ಹೆಸರು.

ಬಟ್ಟೆಯ ಬಗ್ಗೆಯೂ ಒಂದು ಮಾತು. ಇಲ್ಲಿಂದ ಸ್ವಲ್ಪವೇ ದೂರ ಬೆಂಗೇರಿ. ಅಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, ಪ್ರಮಾಣಿತ ಖಾದಿ ರಾಷ್ಟ್ರಧ್ವಜ ಹೊಲಿಯುವ ಸಂಘ. ಹೊಲಿಯುವವರಲ್ಲಿ ಹೆಂಗಸರೇ ಹೆಚ್ಚು. 2021ರ ಡಿಸೆಂಬರ್ ಕೊನೆಯಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಮಷೀನಿನಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟಾಗ ಅಲ್ಲಿನವರು ಆತಂಕಪಟ್ಟದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಗ್ಗದ ಬಟ್ಟೆ ಬಂದಾಗ ಮೊದಲು ಪೆಟ್ಟು ಬೀಳೋದು ಕೈಹೊಲಿಗೆಯವರ ಮೇಲೆ. ಕೌದಿಗೂ ಅದೇ ಕಥೆ. ಪಾಲಿಯೆಸ್ಟರ್ ಚೂರು ಬೆವರು ಹೀರೋದಿಲ್ಲ, ಸೂಜಿಗೆ ಜಾರುತ್ತೆ. ಹತ್ತಿಯ ಹಳೆ ಸೀರೆ ಸಿಗೋದೇ ಕಡಿಮೆ ಆಗಿದೆ ಅಂತ ಕೌದಿಯಾಕೆಯೇ ನನಗೆ ಹೇಳಿದ್ದು.

ಹೌದು, ಕೌದಿಯಾಕೆಯನ್ನು ಕಂಡೆ. ಅವ್ವನ ಉಳಿದ ಸೀರೆಗಳನ್ನು ಟೇಲರಮ್ಮ ಅವಳ ಕೈಗೆ ಕೊಡಿಸಿದರು. ಕೂಲಿ ಎಂಟುನೂರು ಅಂದಳು. ಇಲ್ಲಿ ನಾನು ಒಪ್ಪಿಕೊಳ್ಳಬೇಕಾದ ಒಂದು ಸಂಗತಿ ಇದೆ. ನಾನು ಬಾಯಿಗೆ ಬಂದ ಹಾಗೆ "ಆರುನೂರು ಮಾಡ್ಕೊಳವಾ" ಅಂದೆ. ಅವಳು ಒಂದು ಗಳಿಗೆ ಸುಮ್ಮನಿದ್ದು "ಆತು ತಗೋರಿ" ಅಂದಳು. ಒಂಬತ್ತು ದಿನ ಹೊಲಿದಳು. ಒಂಬತ್ತನೆಯ ದಿನ ಕೌದಿ ಬಿಚ್ಚಿ ಹಾಸಿ ತೋರಿಸಿದಾಗ ಲೆಕ್ಕ ಹಾಕಿದೆ. ದಿನಕ್ಕೆ ಅರವತ್ತೇಳು ರೂಪಾಯಿಯೂ ಬೀಳೋದಿಲ್ಲ. ಹಿಂದಿನ ವರ್ಷ ಕಸದ ಗಾಡಿಗೆ ಹಾಕಿದ ಬಾಕ್ಸಿಗೆ 750 ರೂಪಾಯಿಯನ್ನು ಒಂದು ಮಾತೂ ಚೌಕಾಸಿ ಮಾಡದೆ ಕೊಟ್ಟಿದ್ದೆ! ಮೊಬೈಲಿನ ಜೊತೆ ಚೌಕಾಸಿ ಮಾಡಲು ಬರೋದಿಲ್ಲ, ಕಟ್ಟೆಯ ಮೇಲೆ ಕೂತ ಹೆಂಗಸಿನ ಜೊತೆ ಬರುತ್ತೆ. ಎಂಟುನೂರಲ್ಲ, ಸಾವಿರದ ಎರಡುನೂರು ಕೊಟ್ಟೆ. ಅದೂ ಕಡಿಮೆಯೇ. ಅವಳು ಎಣಿಸಿ, ಮುನ್ನೂರು ವಾಪಸ್ ಮಾಡಲು ನೋಡಿದಳು. ತಗೊಳ್ಳಲಿಲ್ಲ.

ಹಾಗಾಗಿ ನೀವೂ ಬಟ್ಟೆಯ ಪಟಾಕಿ ಮಾಡುವುದಾದರೆ ದಯವಿಟ್ಟು ಮಾಡಿ, ಚೆನ್ನಾಗಿರುತ್ತೆ. ಆದರೆ ಮೊದಲು ನಿಮ್ಮ ಟ್ರಂಕು ತೆಗೆಯಿರಿ. ಟೇಲರಂಗಡಿಯ ಚೀಲಕ್ಕೆ ಕೈ ಹಾಕುವ ಮುಂಚೆ ಅದು ಯಾರಿಗಾಗಿ ಇಟ್ಟದ್ದು ಅಂತ ಕೇಳಿ. ಯಾರೂ ಇಲ್ಲ ಅಂದರೆ ಒಯ್ಯಿರಿ. ಇದ್ದಾರೆ ಅಂದರೆ ಅವರ ಕೈಲಿ ಒಂದು ಕೌದಿ ಹೊಲಿಸಿ, ಕೂಲಿಗೆ ಮಾತ್ರ ಚೌಕಾಸಿ ಬೇಡ.

ಈ ವರ್ಷ ಆರರಲ್ಲಿ ಒಂದರ ಜಾಲರಿ ಹರಿದಿದೆ. ಇವತ್ತು ಸಂಜೆ ಅದಕ್ಕೆ ತೇಪೆ ಹಾಕಬೇಕು. ಒಗಟು ಹೊಸದು ಬೇಕು, ಹಳೆಯವು ಪಕ್ಕದ ಮನೆಯ ಅಜ್ಜಿಗೆ ಬಾಯಿಪಾಠ ಆಗಿವೆ. ನಿಮ್ಮ ಹತ್ತಿರ ಒಳ್ಳೆಯದೊಂದು ಇದ್ದರೆ ಕಳಿಸಿ. ಹಾಗೇ ನಿಮ್ಮೂರ ಕಡೆ ಕೌದಿಗೆ ಏನಂತಾರೆ, ಈಗಲೂ ಹೊಲಿಯುವವರು ಇದ್ದಾರೆಯೇ, ಅದನ್ನೂ ತಿಳಿಸಿ.